ಸೈಪ್ರಸ್‌ನ ಹಸಿರು ಗೆರೆ ಮತ್ತು ಕೊಡಗಿನ ಜನರಲ್

(ಕಾಟನ್‌ಪೇಟೆಯಲ್ಲಿ ಜರಗಿದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗುಂಡು ಹಾರುತ್ತಿರುವ ತನಕ ಯುದ್ಧವು ಪತ್ರಿಕೆಯ ಮುಖಪುಟದಲ್ಲಿರುತ್ತದೆ. ಕದನ ವಿರಾಮ ಘೋಷಣೆಯಾದ ಮರುದಿನ ಅದು ಒಳಪುಟಕ್ಕೆ ಸರಿಯುತ್ತದೆ, ಮೂರನೆಯ ದಿನ ಕಾಣೆಯಾಗುತ್ತದೆ. ಯುದ್ಧ ನಿಂತಿತು ಎಂದು ನಾವು ನೆಮ್ಮದಿಯಿಂದ ಪುಟ ತಿರುಗಿಸುತ್ತೇವೆ. ಆದರೆ ನಿಂತದ್ದು ನಿಂತೇ ಇರುವಂತೆ ನೋಡಿಕೊಳ್ಳುವವರು ಯಾರು? ನಿನ್ನೆ ತನಕ ಪರಸ್ಪರರ ಮನೆಗೆ ಬೆಂಕಿ ಹಚ್ಚಿದವರ ನಡುವೆ ನಿಂತು, ಇವರು ಒಂದು ಹೆಜ್ಜೆ ಮುಂದಿಟ್ಟರೇ, ಅವರು ಒಂದು ಮರಳುಚೀಲ ಹೆಚ್ಚು ಇಟ್ಟರೇ ಎಂದು ಹಗಲಿರುಳು ಬರೆದಿಡುವವರು ಯಾರು? ಈ ವೀಕ್ಷಕರ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಅದಕ್ಕಾಗಿ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ನಮ್ಮದೇ ಊರಿನ ರಿಚ್‌ಮಂಡ್ ರಸ್ತೆಗೆ ಯಾರ ಹೆಸರಿಟ್ಟಿದ್ದಾರೆಂದು ತಮಗೆ ಗೊತ್ತಿರಬಹುದು. ಜನರಲ್ ಕೆ.ಎಸ್. ತಿಮ್ಮಯ್ಯ. ಹೆಸರು ಗೊತ್ತು, ಫಲಕ ಗೊತ್ತು. ಆದರೆ ಅವರು ಎಲ್ಲಿ ತೀರಿಕೊಂಡರು, ಯಾವ ಕೆಲಸದಲ್ಲಿದ್ದಾಗ ತೀರಿಕೊಂಡರು ಎಂದು ಕೇಳಿದರೆ ಹೆಚ್ಚಿನವರು ಉತ್ತರಿಸಲಾರರು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿದರು. 1947ರಲ್ಲಿ ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತಾಗ, ನೆರೆಹೊರೆಯವರು ನೆರೆಹೊರೆಯವರನ್ನೇ ಕೊಲ್ಲುವ ದೃಶ್ಯವನ್ನು ಕಣ್ಣಾರೆ ಕಂಡರು. 1957ರಿಂದ 1961ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇದೆಲ್ಲ ಪಠ್ಯಪುಸ್ತಕದಲ್ಲಿ ಸಿಗುವ ವಿಚಾರ. ಇಂದು ನಾನು ಹೇಳಹೊರಟಿರುವುದು ಅವರು ಗೆದ್ದ ಯುದ್ಧಗಳ ಬಗ್ಗೆ ಅಲ್ಲ, ಬೇರೆಯವರ ಯುದ್ಧ ನಿಂತ ಮೇಲೆ ಅವರು ಮಾಡಿದ ಕೆಲಸದ ಬಗ್ಗೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ವಿಶ್ವಸಂಸ್ಥೆಯ ಮಿಲಿಟರಿ ವೀಕ್ಷಕನ ಕೈಯಲ್ಲಿ ಆಯುಧವಿರುವುದಿಲ್ಲ. ದುರ್ಬೀನು, ನಕ್ಷೆ, ದೂರವಾಣಿ, ಒಂದು ದಿನಚರಿ ಪುಸ್ತಕ, ಇಷ್ಟೇ ಅವನ ಸಲಕರಣೆ. 1948ರಲ್ಲಿ ಪ್ಯಾಲೆಸ್ತೀನ್‌ಗೆ ಇಂತಹ ವೀಕ್ಷಕರನ್ನು ಕಳುಹಿಸಲಾಯಿತು, 1949ರಲ್ಲಿ ಕಾಶ್ಮೀರದ ಕದನ ವಿರಾಮ ರೇಖೆಗೂ ಬಂದರು. ಆಯುಧ ಹಿಡಿದ ಶಾಂತಿಪಾಲನಾ ಪಡೆ ಬಂದದ್ದು ಆ ಬಳಿಕ, 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ. ಆದರೆ ಆ ಪಡೆಗೂ ಆತ್ಮರಕ್ಷಣೆಗೆ ಹೊರತು ಗುಂಡು ಹಾರಿಸುವ ಅಧಿಕಾರವಿರಲಿಲ್ಲ. ಎರಡೂ ಬಗೆಯವರ ನಿಜವಾದ ಬಂಡವಾಳ ಒಂದೇ. ಅವರು ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತಾರೆ ಎಂದು ಎರಡೂ ಕಡೆಯವರು ನಂಬಬೇಕು. ಆ ನಂಬಿಕೆ ಹೋದ ದಿನ ನೀಲಿ ಟೋಪಿ ಕೇವಲ ಒಂದು ಟೋಪಿ.

ತಿಮ್ಮಯ್ಯನವರು ಈ ಪಾಠವನ್ನು ಕಲಿತದ್ದು ಕೊರಿಯಾದಲ್ಲಿ. 1953ರ ಜುಲೈ 27ರಂದು ಅಲ್ಲಿ ಯುದ್ಧ ವಿರಾಮವಾಯಿತು. ಸೆರೆಸಿಕ್ಕ ಸೈನಿಕರಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಕಡೆಗೆ ಮರಳಲು ಒಪ್ಪಿರಲಿಲ್ಲ. ಅದು ಅವರ ಸ್ವಂತ ನಿರ್ಧಾರವೇ ಅಥವಾ ಒತ್ತಾಯವೇ ಎಂಬುದನ್ನು ತಿಳಿಯಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಸರಕಾರಕ್ಕೆ ಭಾರತದ ಮೇಲೆ ಎಷ್ಟು ಸಿಟ್ಟಿತ್ತೆಂದರೆ ತನ್ನ ನೆಲದ ಮೇಲೆ ನಮ್ಮ ಸೈನಿಕರು ಕಾಲಿಡಬಾರದು ಎಂದಿತು. ಕೊನೆಗೆ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಸೇನಾರಹಿತ ವಲಯದೊಳಕ್ಕೆ ಇಳಿಸಬೇಕಾಯಿತು. ತಟಸ್ಥನಾದವನಿಗೆ ಇಬ್ಬರ ಮೆಚ್ಚುಗೆಯೂ ಸಿಗುತ್ತದೆಂದು ಭಾವಿಸುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

ಇನ್ನು ಸೈಪ್ರಸ್‌ಗೆ ಬರೋಣ. ಆ ದ್ವೀಪದ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಉಮ್ಮು ಹರಾಮ್‌ರ ಕಾರಣದಿಂದ. ಪ್ರವಾದಿವರ್ಯರ(ಸ) ಕಾಲದ ಈ ಮಹಿಳೆ ಮುಸ್ಲಿಮರ ಮೊದಲ ಸಮುದ್ರ ದಂಡಯಾತ್ರೆಯಲ್ಲಿ ಸೈಪ್ರಸ್‌ಗೆ ಹೋಗಿ ಅಲ್ಲೇ ಮರಣ ಹೊಂದಿದರು. ಲಾರ್ನಾಕಾ ಪಟ್ಟಣದ ಉಪ್ಪಿನ ಸರೋವರದ ಬಳಿ ಅವರ ಸಮಾಧಿಯಿದೆ. ಇಂದು ಆ ಸ್ಥಳವಿರುವುದು ಗ್ರೀಕರ ಭಾಗದಲ್ಲಿ.

1960ರ ಆಗಸ್ಟ್‌ನಲ್ಲಿ ಬ್ರಿಟಿಷರಿಂದ ಸ್ವತಂತ್ರವಾದಾಗ ಅಲ್ಲಿನ ಜನಸಂಖ್ಯೆಯಲ್ಲಿ ಗ್ರೀಕ್ ಕ್ರೈಸ್ತರು ಶೇ. 78ರಷ್ಟು, ತುರ್ಕಿ ಮುಸ್ಲಿಮರು ಶೇ. 18ರಷ್ಟಿದ್ದರು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ, ಇಬ್ಬರಿಗೂ ವೀಟೋ ಅಧಿಕಾರ. ಸಂಸತ್ತಿನಲ್ಲಿ 35 ಮತ್ತು 15 ಸ್ಥಾನ. ಸರಕಾರಿ ನೌಕರಿಯಲ್ಲಿ ಏಳಕ್ಕೆ ಮೂರರ ಪಾಲು. ಕಾಗದದಲ್ಲಿ ಅಲ್ಪಸಂಖ್ಯಾತರಿಗೆ ಇಷ್ಟೊಂದು ಭದ್ರತೆ ಕೊಟ್ಟ ಸಂವಿಧಾನಗಳು ವಿರಳ. ಅದು ಮೂರು ವರ್ಷ ಮಾತ್ರ ಬಾಳಿತು. ಬಹುಸಂಖ್ಯಾತರು ಅದನ್ನು ತಮ್ಮ ಮೇಲೆ ಹೇರಲಾದ ನೊಗವೆಂದು ಬಗೆದರು, ಅಲ್ಪಸಂಖ್ಯಾತರು ಅದರ ಒಂದಕ್ಷರವನ್ನೂ ಬಿಟ್ಟುಕೊಡಲು ಒಪ್ಪಲಿಲ್ಲ. 1963ರ ನವೆಂಬರ್ ಕೊನೆಗೆ ಅಧ್ಯಕ್ಷ ಮಕಾರಿಯೋಸ್ ಹದಿಮೂರು ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರ್ 21ರಂದು ರಾಜಧಾನಿ ನಿಕೋಸಿಯಾದಲ್ಲಿ ಗುಂಡು ಹಾರಿತು. ಡಿಸೆಂಬರ್ 30ರಂದು ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಅದಕ್ಕೆ ಇಂದಿಗೂ ಹಸಿರು ಗೆರೆ ಎಂದೇ ಹೆಸರು.

ಆ ಗೆರೆ ಹಾದುಹೋದದ್ದು ಎಲ್ಲಿ ಗೊತ್ತೇ? ಹರ್ಮಿಸ್ ಬೀದಿಯ ಉದ್ದಕ್ಕೆ. ಅದು ಹಳೆಯ ಪೇಟೆಯ ವ್ಯಾಪಾರದ ಬೀದಿ. ಗ್ರೀಕರು, ತುರ್ಕಿಗಳು, ಅರ್ಮೇನಿಯನ್ನರು ಪಕ್ಕಪಕ್ಕದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಜಾಗ. ಈ ಕಾಟನ್‌ಪೇಟೆ ಮುಖ್ಯರಸ್ತೆಯ ನಡುವೆ ಮುಳ್ಳುತಂತಿ ಹಾಕಿದರೆ ಏನಾಗಬಹುದೆಂದು ಊಹಿಸಿರಿ. ಅಂಗಡಿ ಈ ಬದಿಗೆ, ಗೋಡೌನ್ ಆ ಬದಿಗೆ. ಸಾಲ ಕೊಟ್ಟವನು ಇಲ್ಲಿ, ತೀರಿಸಬೇಕಾದವನು ಅಲ್ಲಿ. ಕರಗ ಹೊತ್ತವರು ಪ್ರತಿವರ್ಷ ಇದೇ ಬೀದಿಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದುಹೋಗುವ ವಾಡಿಕೆಯುಳ್ಳ ಊರು ನಮ್ಮದು. ಸೈಪ್ರಸ್‌ನಲ್ಲೂ ಅಂತಹ ವಾಡಿಕೆಗಳಿದ್ದವು. 1960ರಲ್ಲಿ ಎರಡೂ ಸಮುದಾಯಗಳು ಕೂಡಿ ಬಾಳುತ್ತಿದ್ದ ಗ್ರಾಮಗಳು ನೂರಕ್ಕೂ ಹೆಚ್ಚಿದ್ದವು. ಹಳೆಯ ವಾಡಿಕೆ ತಾನಾಗಿ ಯಾರನ್ನೂ ಕಾಪಾಡಲಿಲ್ಲ.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯವನ್ನು ಅಂಗೀಕರಿಸಿ ಶಾಂತಿಪಾಲನಾ ಪಡೆಯನ್ನು ಸ್ಥಾಪಿಸಿತು. ಅವಧಿ ಮೂರು ತಿಂಗಳು! ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಿಂದ ಸೈನಿಕರು ಬಂದರು. ಒಟ್ಟು ಆರು ಸಾವಿರಕ್ಕೂ ಹೆಚ್ಚು. ಭಾರತದ ಒಂದು ತುಕಡಿಯೂ ಇರಲಿಲ್ಲ, ಆದರೆ ನಾಯಕತ್ವ ಭಾರತೀಯರದ್ದು. ಮೊದಲು ಜನರಲ್ ಗ್ಯಾನಿ, ಜುಲೈಯಿಂದ ತಿಮ್ಮಯ್ಯ.

ಅವರ ಸ್ಥಿತಿ ಸುಲಭವಾಗಿರಲಿಲ್ಲ. ಮಕಾರಿಯೋಸ್ ಅಲಿಪ್ತ ಚಳವಳಿಯವರು, ಭಾರತದ ಮಿತ್ರರು. ತುರ್ಕಿ ಪಾಕಿಸ್ತಾನದ ಮಿತ್ರರಾಷ್ಟ್ರ. 1965ರ ಸೆಪ್ಟೆಂಬರ್‌ನಲ್ಲಿ ಭಾರತ-ಪಾಕ್ ಯುದ್ಧ ನಡೆಯುತ್ತಿದ್ದಾಗ ತುರ್ಕಿಯ ಒಲವು ಯಾವ ಕಡೆಗಿತ್ತೆಂಬುದು ಗುಟ್ಟಾಗಿರಲಿಲ್ಲ. ಅದೇ ದಿನಗಳಲ್ಲಿ, ಭಾರತದ ಸೇನೆಯ ಮಾಜಿ ಮುಖ್ಯಸ್ಥರೊಬ್ಬರು ಸೈಪ್ರಸ್‌ನ ತುರ್ಕಿ ಮುಸ್ಲಿಮರ ಹಳ್ಳಿಗಳಿಗೆ ಗೋಧಿ ತಲುಪುತ್ತದೆಯೇ, ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳುವ ಹುದ್ದೆಯಲ್ಲಿದ್ದರು. ಅನುಮಾನಿಸಲು ಬೇಕಾದಷ್ಟು ಕಾರಣಗಳಿದ್ದವು. ಹಾಗಿದ್ದೂ ಅವರು ಆ ಹುದ್ದೆಯಲ್ಲಿ ಕೊನೆಯ ತನಕ ಮುಂದುವರಿದರು.

ಆ ಪಡೆ ಮಾಡಿದ ಕೆಲಸಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ದೊಡ್ಡದು ಗುಂಡಿನದ್ದಲ್ಲ, ಗಣತಿಯದ್ದು. ಸೈನಿಕರು ದ್ವೀಪದಾದ್ಯಂತ ಹಳ್ಳಿ ಹಳ್ಳಿ ತಿರುಗಿ ಹಾಳಾದ ಮನೆಗಳನ್ನು ಎಣಿಸಿದರು. 1964ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಭದ್ರತಾ ಮಂಡಳಿಗೆ ಸಲ್ಲಿಸಿದ ವರದಿಯಲ್ಲಿ ಆ ಲೆಕ್ಕವಿದೆ. 109 ಗ್ರಾಮಗಳಲ್ಲಿ 527 ಮನೆಗಳು ಸಂಪೂರ್ಣ ನಾಶವಾಗಿದ್ದವು, ಇನ್ನೂ 2,000 ಮನೆಗಳು ಲೂಟಿಯಿಂದ ಹಾನಿಗೊಂಡಿದ್ದವು. ಆ ಗ್ರಾಮಗಳಲ್ಲಿ ಹೆಚ್ಚಿನವು ತುರ್ಕಿಗಳದ್ದು ಅಥವಾ ಮಿಶ್ರ ಗ್ರಾಮಗಳು. ನಿಕೋಸಿಯಾದ ಓಮೋರ್ಫಿತಾ ಬಡಾವಣೆಯೊಂದರಲ್ಲೇ 50 ಮನೆಗಳು ಪೂರ್ತಿ, 240 ಮನೆಗಳು ಭಾಗಶಃ ನೆಲಸಮ.

ಇದರಲ್ಲೇನು ವಿಶೇಷ ಎಂದು ಕೇಳಬಹುದು. ಗಲಭೆ ನಡೆದ ಊರಿನಲ್ಲಿ ಮೊದಲು ಹಬ್ಬುವುದು ಸಂಖ್ಯೆ. ಒಂದು ಕಡೆಯವರು ಸಾವಿರ ಮನೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಒಂದೂ ಇಲ್ಲ, ಅವರೇ ಬಿಟ್ಟುಹೋದರು ಎನ್ನುತ್ತಾರೆ. ಉತ್ಪ್ರೇಕ್ಷೆ ಮಾಡಿದ ಸಂತ್ರಸ್ತನು ತನ್ನ ನಿಜವಾದ ನಷ್ಟವನ್ನೂ ಸುಳ್ಳಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾನೆ. ಸೈಪ್ರಸ್‌ನಲ್ಲಿ ಇಬ್ಬರಿಗೂ ಸೇರದ ಮೂರನೆಯವನು ಬಾಗಿಲು ಬಾಗಿಲಿಗೆ ಹೋಗಿ ಎಣಿಸಿದ್ದರಿಂದಲೇ 527 ಎಂಬ ಆ ಅಂಕೆಯನ್ನು ಅರುವತ್ತು ವರ್ಷಗಳ ಬಳಿಕವೂ ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಸಾಕ್ಷ್ಯ ನುಡಿಯುವಾಗ ಬಂಧುತ್ವ ನೋಡಬಾರದೆಂಬುದು ನಮ್ಮ ಸಮುದಾಯಕ್ಕೆ ಹೊಸ ಪಾಠವೇನಲ್ಲ. ಪಾಲಿಸುವ ವಿಷಯ ಬಂದಾಗ ಮಾತ್ರ ಹೊಸದೆನಿಸುತ್ತದೆ.

ಗಲಭೆಯ ಬಳಿಕ ಸುಮಾರು 25,000 ತುರ್ಕಿಗಳು ಊರು ಬಿಟ್ಟು ತಮ್ಮವರೇ ಇರುವ ಸಣ್ಣಪುಟ್ಟ ಆವರಣಗಳಿಗೆ ಹೋಗಿ ಸೇರಿದರು. ಜೀವಭಯದಿಂದ ಹೋದರು, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಏನಾಯಿತು? ಸರಕಾರವು ಆ ಆವರಣಗಳಿಗೆ ಸಿಮೆಂಟ್, ಕಬ್ಬಿಣ, ಮರ, ಇಂಧನ, ಬ್ಯಾಟರಿ ಮೊದಲಾದವನ್ನು ಯುದ್ಧ ಸಾಮಗ್ರಿಗಳೆಂದು ಪಟ್ಟಿ ಮಾಡಿ ತಡೆಯಿತು. ಹೊಲವಿದ್ದವನಿಗೆ ಹೊಲಕ್ಕೆ ಹೋಗಲಾಗದು, ನೌಕರಿಯಿದ್ದವನಿಗೆ ಕಚೇರಿಗೆ ಹೋಗಲಾಗದು. ಶಾಂತಿಪಾಲನಾ ಪಡೆಯ ಅಧಿಕಾರಿಗಳು ದಿನಗಟ್ಟಲೆ ಕುಳಿತು ಚೌಕಾಸಿ ಮಾಡಿದ್ದು ಈ ಪಟ್ಟಿಯ ಮೇಲೆ, ಯಾವ ವಸ್ತು ಒಳಗೆ ಹೋಗಬಹುದು ಎಂಬುದರ ಮೇಲೆ. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ರೈತರ ಜೊತೆ ನೀಲಿ ಟೋಪಿಯವರು ಹೊಲಕ್ಕೆ ಹೋಗಿ ನಿಂತರು. ಅಂಚೆ, ನೀರು, ವಿದ್ಯುತ್ತು, ಹೀಗೆ ಎಲ್ಲದಕ್ಕೂ ಒಂದು ಮಾತುಕತೆ. ಇನ್ನೊಂದು ಕಡೆಯ ಕಷ್ಟವನ್ನೂ ಹೇಳಬೇಕು. ನಿಕೋಸಿಯಾದಿಂದ ಕಿರೀನಿಯಾಕ್ಕೆ ಹೋಗುವ ರಸ್ತೆ ತುರ್ಕಿಗಳ ಹಿಡಿತದಲ್ಲಿತ್ತು. 1964ರ ಅಕ್ಟೋಬರ್‌ನಿಂದ ಅದು ವಿಶ್ವಸಂಸ್ಥೆಯ ನಿಗಾಕ್ಕೆ ಬಂದಾಗ ಗ್ರೀಕ್ ಪ್ರಯಾಣಿಕರು ನಿಗದಿತ ಹೊತ್ತಿಗೆ, ಸಾಲಾಗಿ, ಶಾಂತಿಪಾಲಕರ ವಾಹನಗಳ ಬೆಂಗಾವಲಿನಲ್ಲಿ ಹೋಗಬೇಕಾಗಿತ್ತು. ತಮ್ಮದೇ ದೇಶದಲ್ಲಿ!

ಆವರಣ ಜೀವ ಉಳಿಸಿತು, ಬದುಕನ್ನು ಕುಗ್ಗಿಸಿತು. ಒಂದು ತಲೆಮಾರು ಅದರೊಳಗೇ ಬೆಳೆಯಿತು. ನಮ್ಮ ನಗರಗಳಲ್ಲಿ ಗಲಭೆಯಾದಾಗಲೆಲ್ಲ ನಮ್ಮವರೇ ಇರುವ ಗಲ್ಲಿಗೆ ಮನೆ ಬದಲಾಯಿಸುವ ಬಗ್ಗೆ ಯೋಚಿಸುವ ಕುಟುಂಬಗಳನ್ನು ನಾನು ದೂಷಿಸಲಾರೆ. ಆದರೆ ಬಾಡಿಗೆ, ಶಾಲೆ, ಗಿರಾಕಿ, ಸ್ನೇಹ, ಇವುಗಳ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಸೈಪ್ರಸ್‌ನ ಕಥೆಯಲ್ಲಿ ನಾವು ಕೇಳಲು ಬಯಸದ ಒಂದು ಅಧ್ಯಾಯವಿದೆ. 1962ರ ಮಾರ್ಚ್‌ನಲ್ಲಿ ನಿಕೋಸಿಯಾದ ಬೈರಕ್ತಾರ್ ಮತ್ತು ಓಮೆರಿಯೆ ಮಸೀದಿಗಳಲ್ಲಿ ಬಾಂಬ್ ಸಿಡಿಯಿತು. ಎಲ್ಲರೂ ಗ್ರೀಕರನ್ನು ಶಂಕಿಸಿದರು. ಆದರೆ ತುರ್ಕಿ ಸಮುದಾಯದವರೇ ಆದ ಅಹ್ಮದ್ ಗುರ್ಕಾನ್ ಮತ್ತು ಅಯ್ಹಾನ್ ಹಿಕ್ಮತ್ ಎಂಬ ಇಬ್ಬರು ವಕೀಲ-ಪತ್ರಕರ್ತರು ತಮ್ಮ ವಾರಪತ್ರಿಕೆಯಲ್ಲಿ ತಮ್ಮದೇ ಕಡೆಯ ಉಗ್ರವಾದಿಗಳತ್ತ ಬೆರಳು ತೋರಿಸಿದರು. ಏಪ್ರಿಲ್ 23ರಂದು ಇಬ್ಬರೂ ಕೊಲೆಯಾದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ತಿಮ್ಮಯ್ಯನವರು ಅಲ್ಲಿದ್ದಾಗಲೇ, 1965ರ ಏಪ್ರಿಲ್ 11ರಂದು, ದರ್ವೀಶ್ ಅಲಿ ಕವಾಜೋಗ್ಲು ಎಂಬ ತುರ್ಕಿ ಕಾರ್ಮಿಕ ನಾಯಕ ಮತ್ತು ಅವರ ಗ್ರೀಕ್ ಸಂಗಾತಿ ಕೋಸ್ತಾಸ್ ಮಿಶಾವುಲಿಸ್ ಲಾರ್ನಾಕಾ ರಸ್ತೆಯಲ್ಲಿ ಒಂದೇ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡಿಗೆ ಬಲಿಯಾದರು. ಕೂಡಿ ಬಾಳೋಣ ಎಂದದ್ದೇ ಅವರ ಅಪರಾಧ. ಗ್ರೀಕ್ ಉಗ್ರರು ಕೂಡ 1958ರಲ್ಲಿ ತಮ್ಮದೇ ಸಮುದಾಯದ ಎಡಪಂಥೀಯರನ್ನು ಕೊಂದಿದ್ದರು. ಗೆರೆಯ ಎರಡೂ ಬದಿಯಲ್ಲಿ ಮೊದಲು ಸುಮ್ಮನಾಗಿಸಲ್ಪಟ್ಟವರು ಶತ್ರುಗಳಲ್ಲ, ತಮ್ಮವರಲ್ಲೇ ಸತ್ಯ ಹೇಳುವವರು. ಅವರು ಇದ್ದಿದ್ದರೆ ಹೊರಗಿನ ವೀಕ್ಷಕರು ಅಷ್ಟೊಂದು ಬೇಕಾಗುತ್ತಿರಲಿಲ್ಲವೇನೋ.

ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡ ಮರು ತಿಂಗಳಲ್ಲೇ, ಅಂದರೆ 1964ರ ಆಗಸ್ಟ್‌ನಲ್ಲಿ, ವಾಯವ್ಯ ಕರಾವಳಿಯ ಕೋಕಿನಾ ಪ್ರದೇಶದಲ್ಲಿ ಭೀಕರ ಕದನ ನಡೆಯಿತು. ಗ್ರೀಕ್ ಪಡೆಗಳು ತುರ್ಕಿ ಹಳ್ಳಿಗಳ ಮೇಲೆ ದಾಳಿ ಮಾಡಿದವು, ತುರ್ಕಿಯ ವಿಮಾನಗಳು ಬಂದು ಗ್ರೀಕ್ ಹಳ್ಳಿಗಳ ಮೇಲೂ ಬಾಂಬ್ ಹಾಕಿದವು. ನಡುವೆ ನಿಂತವರಿಗೆ ಅದನ್ನು ತಡೆಯಲಾಗಲಿಲ್ಲ. ಎರಡು ಮೂರು ದಿನಗಳಲ್ಲಿ ಮತ್ತೆ ಕದನ ವಿರಾಮ, ಮತ್ತೆ ನಿಗಾ. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಸೈಪ್ರಸ್‌ನಲ್ಲೇ ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. 1966ರಲ್ಲಿ ಸೈಪ್ರಸ್ ಅವರ ಸ್ಮರಣೆಗೆ ಅಂಚೆ ಚೀಟಿ ಹೊರಡಿಸಿತು, ಲಾರ್ನಾಕಾದ ಒಂದು ಮುಖ್ಯರಸ್ತೆಗೆ ಅವರ ಹೆಸರಿದೆ. ಎರಡೂ ಗ್ರೀಕರ ಕಡೆಯ ಗೌರವಗಳೇ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಆ ಕಡೆ ಹೋದವರು ಮಕ್ಕಳನ್ನು ಕರೆದೊಯ್ಯಿರಿ.

1974ರ ಜುಲೈಯಲ್ಲಿ ಅಥೆನ್ಸ್‌ನ ಸೇನಾಡಳಿತದ ಬೆಂಬಲದಿಂದ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿಯಾಯಿತು. ಐದು ದಿನಗಳಲ್ಲಿ ತುರ್ಕಿಯ ಸೇನೆ ಬಂದಿಳಿಯಿತು. ಆಗ ಶಾಂತಿಪಾಲನಾ ಪಡೆಯ ನಾಯಕರು ಇನ್ನೊಬ್ಬ ಭಾರತೀಯ, ಜನರಲ್ ಪ್ರೇಮ್‌ಚಂದ್. ಇಡೀ ದ್ವೀಪವನ್ನು ಅವರಿಂದ ಕಾಪಾಡಲಾಗಲಿಲ್ಲ, ಆದರೆ ನಿಕೋಸಿಯಾ ವಿಮಾನ ನಿಲ್ದಾಣವನ್ನು ವಿಶ್ವಸಂಸ್ಥೆಯ ವಶಕ್ಕೆ ತೆಗೆದುಕೊಂಡು ಇಬ್ಬರಿಗೂ ಬಿಡಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ಮನೆಮಠ ಕಳೆದುಕೊಂಡು ದಕ್ಷಿಣಕ್ಕೆ ಓಡಿದರು. ಹತ್ತು ವರ್ಷಗಳ ಹಿಂದೆ ತುರ್ಕಿಗಳು ಅನುಭವಿಸಿದ್ದನ್ನೇ ಈಗ ಇವರು ಅನುಭವಿಸಿದರು. ಆಗಸ್ಟ್ 14ರಂದು ಮರಾಠಾ, ಸಂದಲ್ಲಾರ್, ಅಲೋವಾ ಎಂಬ ಮೂರು ಹಳ್ಳಿಗಳಲ್ಲಿ 126 ತುರ್ಕಿಗಳು ಕೊಲೆಯಾದರು, ಬಹುಪಾಲು ಹೆಂಗಸರು ಮತ್ತು ಮಕ್ಕಳು. ಈ ಎರಡು ವಾಕ್ಯಗಳಲ್ಲಿ ಒಂದನ್ನು ಮಾತ್ರ ಹೇಳುವ ಭಾಷಣಕಾರರು ಎರಡೂ ಕಡೆ ಇದ್ದಾರೆ.

ಸಭೆಯಿಂದ ಸಹೋದರರೊಬ್ಬರು ಚೀಟಿ ಕಳುಹಿಸಿದ್ದಾರೆ. ‘ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಇದೇ ನೀಲಿ ಟೋಪಿಯವರು ಕೈಕಟ್ಟಿ ನಿಂತಿದ್ದರಲ್ಲವೇ?’ ನ್ಯಾಯವಾದ ಪ್ರಶ್ನೆ. 1993ರಲ್ಲಿ ವಿಶ್ವಸಂಸ್ಥೆಯೇ ಆ ಊರನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿತ್ತು. ಕಾವಲಿಗೆ ನಾನೂರರಷ್ಟು ಡಚ್ ಸೈನಿಕರು. 1995ರ ಜುಲೈಯಲ್ಲಿ ಸರ್ಬ್ ಪಡೆಗಳು ನುಗ್ಗಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಪುರುಷರನ್ನೂ ಹುಡುಗರನ್ನೂ ಕೊಂದವು. ತನ್ನ ವೈಫಲ್ಯವನ್ನು ವಿಶ್ವಸಂಸ್ಥೆ 1999ರ ವರದಿಯಲ್ಲಿ ಒಪ್ಪಿಕೊಂಡಿದೆ. ಸುಮಾರು 350 ಮಂದಿಯ ಸಾವಿನಲ್ಲಿ ತಮ್ಮ ದೇಶಕ್ಕೂ ಶೇ. 10ರಷ್ಟು ಹೊಣೆಯಿದೆಯೆಂದು 2019ರಲ್ಲಿ ನೆದರ್‌ಲ್ಯಾಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಹೋದರರ ಸಿಟ್ಟು ಸರಿ. ಆದರೆ ಅಲ್ಲಿ ಆದದ್ದೇನೆಂಬುದನ್ನು ಗಮನಿಸಬೇಕು. ಕಾಯಲು ಕದನ ವಿರಾಮವೇ ಇಲ್ಲದ ಕಡೆ, ಕದನ ವಿರಾಮ ಕಾಯುವವರನ್ನು ಕಳುಹಿಸಲಾಗಿತ್ತು. ದೊಡ್ಡ ರಾಷ್ಟ್ರಗಳು ಏನಾದರೂ ಮಾಡಿದಂತೆ ಕಾಣಿಸಬೇಕಿತ್ತು, ಯುದ್ಧಕ್ಕಿಳಿಯಬಾರದಿತ್ತು. ಕೊಲ್ಲಲು ನಿರ್ಧರಿಸಿದವನನ್ನು ವೀಕ್ಷಣೆ ತಡೆಯಲಾರದು. ಕೊಲ್ಲುವುದನ್ನು ನಿಲ್ಲಿಸಲು ಒಪ್ಪಿದ ಇಬ್ಬರ ನಡುವೆ ಅನುಮಾನದ ಕಿಡಿ ಹೊತ್ತಿಕೊಳ್ಳದಂತೆ ನೋಡಿಕೊಳ್ಳಬಹುದು, ಅಷ್ಟೇ.

ಸೈಪ್ರಸ್‌ನಲ್ಲಿ ಆ ಅಷ್ಟೇ ಕೆಲಸ ಅರುವತ್ತು ವರ್ಷ ಮೀರಿದೆ. 1974ರ ನಂತರ ನಡುವಲಯವು ದ್ವೀಪದ ಈ ತುದಿಯಿಂದ ಆ ತುದಿಗೆ 180 ಕಿಲೋಮೀಟರ್ ಚಾಚಿಕೊಂಡಿದೆ. ಈಗ ಅಲ್ಲಿ ಸಾವಿರದ ಆಸುಪಾಸಿನಷ್ಟು ಶಾಂತಿಪಾಲಕರಿದ್ದಾರೆ. ಸತ್ತವರು 180ಕ್ಕೂ ಹೆಚ್ಚು. 2003ರಲ್ಲಿ ದಾರಿಗಳು ತೆರೆದವು, ಜನ ಸರದಿಯಲ್ಲಿ ನಿಂತು ತಮ್ಮ ಹಳೆಯ ಮನೆಗಳನ್ನು ನೋಡಿಬಂದರು. 2004ರ ಏಪ್ರಿಲ್‌ನಲ್ಲಿ ಒಂದುಗೂಡುವ ಯೋಜನೆಯ ಮೇಲೆ ಜನಮತ ಸಂಗ್ರಹವಾದಾಗ ತುರ್ಕಿಗಳಲ್ಲಿ ಶೇ. 65ರಷ್ಟು ಒಪ್ಪಿದರು, ಗ್ರೀಕರಲ್ಲಿ ಶೇ. 76ರಷ್ಟು ತಿರಸ್ಕರಿಸಿದರು. ಕದನ ವಿರಾಮವು ಇಷ್ಟು ಚೆನ್ನಾಗಿ ನಡೆದದ್ದರಿಂದಲೇ ಒಪ್ಪಂದಕ್ಕೆ ಯಾರಿಗೂ ಅವಸರವಿಲ್ಲದಾಯಿತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಾವಲುಗಾರನನ್ನು ತೆಗೆದರೆ ಒಪ್ಪಂದ ಬರುತ್ತದೆ ಎಂಬ ವಾದವನ್ನು ನಾನು ನಂಬುವುದಿಲ್ಲ. ನಡುವಲಯದಲ್ಲಿ ಇಂದಿಗೂ ಎರಡೂ ಸಮುದಾಯದವರಿರುವ ಪಿಲಾ ಗ್ರಾಮದಲ್ಲಿ 2023ರ ಆಗಸ್ಟ್‌ನಲ್ಲಿ ಒಂದು ರಸ್ತೆ ಕಾಮಗಾರಿಯನ್ನು ತಡೆಯಲು ಹೋದ ಶಾಂತಿಪಾಲಕರ ಮೇಲೆ ತುರ್ಕಿ ಕಡೆಯವರು ಹಲ್ಲೆ ಮಾಡಿದರು. ರಸ್ತೆಯಂತಹ ಸಣ್ಣ ಸಂಗತಿ ಸಾಕಾಗುತ್ತದೆ.

ಕೊನೆಯದಾಗಿ ಒಂದು ಕೆಲಸದ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. 1963ರಿಂದ 1974ರ ವರೆಗಿನ ಹಿಂಸೆಯಲ್ಲಿ ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರುಗಳಿವೆ. 1,510 ಗ್ರೀಕರು, 492 ತುರ್ಕಿಗಳು. 1981ರಲ್ಲಿ ಇದಕ್ಕಾಗಿ ಗ್ರೀಕ್, ತುರ್ಕಿ ಮತ್ತು ವಿಶ್ವಸಂಸ್ಥೆಯ ಪ್ರತಿನಿಧಿಗಳ ಸಮಿತಿಯೊಂದು ರಚನೆಯಾಯಿತು. ಎರಡೂ ಸಮುದಾಯಗಳ ತರುಣ ತರುಣಿಯರು ಒಂದೇ ತಂಡದಲ್ಲಿ ಬಾವಿ, ತೋಟ, ಗುಡ್ಡಗಳಲ್ಲಿ ನೆಲ ಅಗೆಯುತ್ತಾರೆ. ಸಿಕ್ಕಿದ ಎಲುಬುಗಳನ್ನು ನಿಕೋಸಿಯಾದ ಹಳೆಯ ವಿಮಾನ ನಿಲ್ದಾಣದ ಸಂರಕ್ಷಿತ ಪ್ರದೇಶದಲ್ಲಿರುವ ಪ್ರಯೋಗಾಲಯಕ್ಕೆ ತರುತ್ತಾರೆ. ಅಲ್ಲಿ ಮೇಜಿನ ಮೇಲೆ ಜೋಡಿಸಿದ ಎಲುಬು ಗ್ರೀಕನದ್ದೋ ತುರ್ಕಿಯದ್ದೋ ಎಂಬುದು ಪರೀಕ್ಷೆಯ ಫಲಿತಾಂಶ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಇದುವರೆಗೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿ ಅವರವರ ಮನೆಯವರಿಗೆ ಒಪ್ಪಿಸಲಾಗಿದೆ. ಉಳಿದವರಿಗಾಗಿ ಅಗೆತ ನಡೆಯುತ್ತಿದೆ.